ಕೊಚ್ಚಿಯ ಯಹೂದಿ ಸ್ಮಶಾನ ಮತ್ತು ಸುತ್ತಮುತ್ತ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಚ್ಚಿಗೆ ಹೋಗಿ ಬಂದೆ ಅಂದರೆ ಎಲ್ಲರೂ ಚೀನಾ ಬಲೆ, ಬೋಟು, ಕರಿಮೀನು ಅಂತ ಕೇಳುತ್ತಾರೆ. ನಾನು ಸ್ಮಶಾನದ ಮಾತು ತೆಗೆದರೆ ಮೊದಲು ನಗು, ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ. ನೆಂಟರು, ಆಫೀಸಿನವರು, ಪ್ರವಾಸಕ್ಕೆ ಹೊರಟು ಫೋನ್ ಮಾಡಿದವರು ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವಂಥದ್ದು ಕೊನೆಗೆ.

## ಶುರುವಿನ ಪ್ರಶ್ನೆಗಳು

ಕೊಚ್ಚಿಯಲ್ಲಿ ಯಹೂದಿಗಳಾ? ಅಲ್ಲಿಗೆ ಹೇಗೆ ಬಂದ್ರು?

ವ್ಯಾಪಾರಕ್ಕೆ ಬಂದರು. ಮೆಣಸು, ಏಲಕ್ಕಿ, ಶುಂಠಿ ಎಲ್ಲಿದೆಯೋ ಅಲ್ಲಿಗೆ ಹಡಗು ಬರುತ್ತದೆ, ಅಲ್ವಾ? ಮೊದಲು ಇದ್ದದ್ದು ಕೊಚ್ಚಿಯ ಉತ್ತರಕ್ಕಿರುವ ಕೊಡುಂಗಲ್ಲೂರಿನ ಕಡೆ. ಸುಮಾರು ಕ್ರಿ.ಶ. 1000ರಲ್ಲಿ ರಾಜ ಭಾಸ್ಕರ ರವಿವರ್ಮ ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ತಾಮ್ರಪಟ ಬರೆಸಿಕೊಟ್ಟ. ಪಲ್ಲಕ್ಕಿ, ಕೊಡೆ, ತೆರಿಗೆ ವಿನಾಯಿತಿ ಸೇರಿ 72 ಹಕ್ಕುಗಳು ಅದರಲ್ಲಿವೆ. ಆ ಪಟ ಇವತ್ತಿಗೂ ಕೊಚ್ಚಿಯ ಮಟ್ಟಾಂಚೇರಿ ಭಾಗದಲ್ಲಿರುವ ಪರದೇಸಿ ಸಿನಗಾಗ್‌ನ (ಯಹೂದಿಗಳ ಪ್ರಾರ್ಥನಾ ಮಂದಿರ) ಸೊತ್ತು. 16ನೇ ಶತಮಾನದಲ್ಲಿ ಸ್ಪೇನ್, ಪೋರ್ಚುಗಲ್‌ನಿಂದ ಓಡಿಸಲ್ಪಟ್ಟವರು ಬಂದು ಸೇರಿಕೊಂಡರು. ಕೊಚ್ಚಿ ರಾಜ ತನ್ನ ಅರಮನೆಯ ಪಕ್ಕದಲ್ಲೇ ಜಾಗ ಕೊಟ್ಟ. ಈಗಿನ ಜ್ಯೂ ಟೌನ್ ಬೆಳೆದದ್ದು ಅಲ್ಲೇ.

ಸ್ಮಶಾನ ನೋಡೋಕೆ ಅಷ್ಟು ದೂರ ಹೋಗೋದಾ? ಅಲ್ಲೇನಿದೆ?

ಕಣ್ಣು ಕುಕ್ಕುವಂಥದ್ದು ಏನೂ ಇಲ್ಲ. ಗೋಡೆಯೊಳಗೊಂದು ಜಾಗ, ಹುಲ್ಲು, ತೆಂಗು, ಗಾರೆ ಬಳಿದು ಪೆಟ್ಟಿಗೆಯ ಹಾಗೆ ಎತ್ತರಿಸಿ ಕಟ್ಟಿದ ಗೋರಿಗಳು, ಅವುಗಳ ಮೇಲೆ ಹೀಬ್ರೂ ಬರಹ. ಮಳೆ ತಿಂದು ಕೆಲವು ಕಪ್ಪಾಗಿವೆ.

ಆದರೂ ಹೋಗಿ ಎನ್ನುತ್ತೇನೆ. ಜ್ಯೂ ಟೌನ್‌ನಲ್ಲಿ ಯಹೂದಿಗಳ ಮನೆಗಳು ಅಂಗಡಿಗಳಾಗಿವೆ, ಸಿನಗಾಗ್ ಟಿಕೆಟ್ ಕೊಟ್ಟು ನೋಡುವ ಜಾಗವಾಗಿದೆ. ಆ ಜನ ಊರಲ್ಲಿ ಇನ್ನೂ ಉಳಿದಿರುವುದು ಹೆಚ್ಚುಕಡಿಮೆ ಈ ಗೋಡೆಯೊಳಗೆ ಮಾತ್ರ. ಬೀದಿಯಲ್ಲಿ ಶಾಲು, ಹಿತ್ತಾಳೆ ದೀಪ ಕೊಂಡು ಹಿಂದಿರುಗುವವರಿಗೆ ಇದು ಗೊತ್ತೇ ಆಗುವುದಿಲ್ಲ. ಹೀಬ್ರೂವಿನಲ್ಲಿ ಸ್ಮಶಾನಕ್ಕೆ 'ಬೇತ್ ಹಯ್ಯಿಮ್' ಎಂಬ ಹೆಸರೂ ಇದೆ, ಬದುಕಿರುವವರ ಮನೆ ಅಂತ ಅರ್ಥ. ಕೆಟ್ಟದ್ದನ್ನು ಬಾಯಿಬಿಟ್ಟು ಹೇಳದೆ ತಿರುಗಿಸಿ ಹೇಳುವ ಅಭ್ಯಾಸ. ನಮ್ಮಲ್ಲಿ ದೀಪ ಆರಿಸು ಅನ್ನದೆ ದೀಪ ದೊಡ್ಡದು ಮಾಡು ಅನ್ನುವ ಹಾಗೆ.

ಎಲ್ಲಿದೆ ಅದು? ಯಾರನ್ನ, ಏನಂತ ಕೇಳ್ಬೇಕು?

ಮಟ್ಟಾಂಚೇರಿಯಲ್ಲಿ, ಸಿನಗಾಗ್‌ನಿಂದ ನಡೆದೇ ಹೋಗುವಷ್ಟು ದೂರದಲ್ಲಿ. ಮಲಯಾಳಿಗಳು ಯಹೂದಿಗೆ 'ಜೂತ' ಎನ್ನುತ್ತಾರೆ. 'ಜೂತ ಸೆಮಿತ್ತೇರಿ' ಎಂದರೆ ಯಾವ ಅಂಗಡಿಯವರೂ ಕೈ ತೋರಿಸುತ್ತಾರೆ. 'ಜೂತಪ್ಪಳ್ಳಿ' ಎಂದರೆ ಸಿನಗಾಗ್. ಆಟೋದವರಿಗೆ ಜ್ಯೂ ಟೌನ್ ಅಂದರೆ ಸಾಕು, ಅಲ್ಲಿಂದ ಕಾಲ್ನಡಿಗೆ.

ಗೇಟಿಗೆ ಬೀಗ ಹಾಕಿರ್ತಾರಂತೆ, ನಿಜವಾ?

ನಿಜ, ಸಾಮಾನ್ಯವಾಗಿ ಬೀಗ ಇರುತ್ತದೆ. ಟಿಕೆಟ್ ಕೌಂಟರ್, ಸಮಯದ ಬೋರ್ಡು ಇಟ್ಟುಕೊಂಡು ಜನರನ್ನು ಕರೆಯುವ ಜಾಗ ಅಲ್ಲ ಅದು. ಸಿನಗಾಗ್‌ನಲ್ಲಿ ವಿನಯದಿಂದ ವಿಚಾರಿಸಿ. ಬಾಗಿಲು ತೆರೆದರೆ ಒಳ್ಳೇದು. ಇಲ್ಲವೆಂದರೆ ಗೇಟಿನಿಂದಲೇ ನೋಡಿ, ಗೋರಿಗಳು ಕಾಣುತ್ತವೆ. ದಯವಿಟ್ಟು ಗೋಡೆ ಹತ್ತಬೇಡಿ. ನಮ್ಮ ಅಜ್ಜಿಯ ಸಮಾಧಿ ಇರುವ ತೋಟಕ್ಕೆ ಯಾರೋ ಬೇಲಿ ಹಾರಿ ಬಂದು ಸೆಲ್ಫಿ ತೆಗೆದರೆ ನಮಗೆ ಹೇಗಿರುತ್ತದೆ?

ನನಗಂತೂ ಹೊರಗೆ ನಿಂತು ನೋಡಿದ್ದು ಕಡಿಮೆ ಅನ್ನಿಸಲಿಲ್ಲ.

ಯಾವ ದಿನ ಹೋದ್ರೆ ಒಳ್ಳೇದು?

ಭಾನುವಾರದಿಂದ ಗುರುವಾರದೊಳಗೆ. ಇದೊಂದನ್ನು ಮಾತ್ರ ಮರೆಯಬೇಡಿ. ಶುಕ್ರವಾರ ಮಟ್ಟಾಂಚೇರಿ ಅರಮನೆಗೆ ರಜೆ. ಅವತ್ತೇ ಮಧ್ಯಾಹ್ನದ ಮೇಲೆ ಸಿನಗಾಗ್ ಮುಚ್ಚುತ್ತದೆ. ಶನಿವಾರ ಯಹೂದಿಗಳ ಶಬ್ಬಾತ್, ಅಂದರೆ ವಾರದ ವಿಶ್ರಾಂತಿಯ ದಿನ, ಸಿನಗಾಗ್ ಪೂರ್ತಿ ಬಂದ್. ಶಬ್ಬಾತ್ ದಿನ ಅವರೇ ಸ್ಮಶಾನಕ್ಕೆ ಹೋಗುವುದಿಲ್ಲ. ನಾನು ಮೊದಲ ಸಲ ವಾರದ ಕೊನೆಗೆ ರಜೆ ಸಿಕ್ಕಿತು ಅಂತ ಶನಿವಾರ ಬೆಳಿಗ್ಗೆಯೇ ಹೋಗಿ, ಮುಚ್ಚಿದ ಬಾಗಿಲು ನೋಡಿಕೊಂಡು ಲಿಂಬು ಸೋಡಾ ಕುಡಿದು ಬಂದವನು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಅವರ ಹೊಸ ವರ್ಷ, ಯೋಮ್ ಕಿಪ್ಪುರ್ ಮುಂತಾದ ಹಬ್ಬಗಳು ಸಾಲಾಗಿ ಬರುತ್ತವೆ. ಆಗಲೂ ಸಿನಗಾಗ್ ಮುಚ್ಚಿರಬಹುದು.

ಹವೆಯ ಲೆಕ್ಕದಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ. ಮಳೆಗಾಲದಲ್ಲಿ ಕಲ್ಲೆಲ್ಲ ಪಾಚಿ, ಕಾಲು ಜಾರುತ್ತದೆ.

ಬೆಂಗಳೂರಿಂದ, ಮಂಗಳೂರಿಂದ ಹೋಗೋದು ಹೇಗೆ?

ಬೆಂಗಳೂರಿನಿಂದ ಎರ್ನಾಕುಲಂಗೆ ಹಗಲು ಇಂಟರ್‌ಸಿಟಿ ರೈಲಿದೆ, ರಾತ್ರಿ ಬಸ್ಸುಗಳು ಬೇಕಾದಷ್ಟು. ಮಂಗಳೂರಿನವರಿಗೆ ಬೆಳಿಗ್ಗೆ ಹೊರಡುವ ಪರಶುರಾಮ್ ಎಕ್ಸ್‌ಪ್ರೆಸ್ ಅನುಕೂಲ. ಎರ್ನಾಕುಲಂನಿಂದ ಮಟ್ಟಾಂಚೇರಿಗೆ ಬಸ್ಸು, ಆಟೋ ಎಲ್ಲ ಇವೆ, ಆದರೆ ನೀರಿನ ದಾರಿಯಲ್ಲಿ ಹೋಗಿ. ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೋ ಫೋರ್ಟ್ ಕೊಚ್ಚಿಗೆ ಹೋಗುತ್ತದೆ. ಟ್ರಾಫಿಕ್ ಇಲ್ಲ, ಗಾಳಿ ಇದೆ. ಈ ಊರು ಹುಟ್ಟಿದ್ದು ನೀರಿಗೆ ಮುಖ ಮಾಡಿ ಎನ್ನುವುದು ಅಲ್ಲಿಂದ ನೋಡಿದರೇ ಗೊತ್ತಾಗುವುದು.

## ರೀತಿ ನೀತಿ

ತಲೆ ಮುಚ್ಕೊಬೇಕಾ? ಚಪ್ಪಲಿ ಬಿಡ್ಬೇಕಾ?

ಸ್ಮಶಾನದಲ್ಲಿ ಗಂಡಸರು ತಲೆ ಮುಚ್ಚುವುದು ರೂಢಿ. ಟೋಪಿ, ಕರ್ಚೀಫು ಏನಾದರೂ ಸರಿ. ಚಪ್ಪಲಿ ಬಿಡಬೇಕಾಗಿಲ್ಲ. ಗೋರಿಯ ಮೇಲೆ ಕೂರಬಾರದು, ದಾಟಬಾರದು, ಒಳಗೆ ತಿನ್ನಬಾರದು, ಕುಡಿಯಬಾರದು. ಸಿನಗಾಗ್‌ನಲ್ಲಿ ಮಾತ್ರ ಚಪ್ಪಲಿ ಹೊರಗೆ ಬಿಡಬೇಕು. ತುಂಡು ಚಡ್ಡಿ, ತೋಳಿಲ್ಲದ ಅಂಗಿ ಹಾಕಿಕೊಂಡು ಹೋದರೆ ಬಾಗಿಲಲ್ಲೇ ತಡೆಯುತ್ತಾರೆ.

ಹೂವು ತಗೊಂಡು ಹೋಗ್ಲಾ?

ಬೇಡ. ಯಹೂದಿಗಳು ಗೋರಿಯ ಮೇಲೆ ಸಣ್ಣ ಕಲ್ಲು ಇಡುತ್ತಾರೆ. ಯಾಕೆ ಅನ್ನುವುದಕ್ಕೆ ಹತ್ತು ಕಥೆಗಳಿವೆ. ನನಗೆ ಒಪ್ಪಿಗೆಯಾದದ್ದು ಸರಳವಾದದ್ದೇ: ಇಲ್ಲಿಗೆ ಒಬ್ಬರು ಬಂದು ಹೋದರು ಎನ್ನುವ ಗುರುತು. ಹೂವು ಬಾಡುತ್ತದೆ, ಕಲ್ಲು ಇರುತ್ತದೆ. ದಾರಿಯಲ್ಲಿ ಸಿಕ್ಕಿದ ಬೆಣಚು ಸಾಕು. ಬೇರೆ ಗೋರಿಯ ಮೇಲಿನ ಕಲ್ಲನ್ನು ಎತ್ತಿ ಇಲ್ಲಿಡಬೇಡಿ, ಅದು ಇನ್ನೊಬ್ಬರು ಬಂದ ಗುರುತು.

ಸ್ಮಶಾನಕ್ಕೆ ಹೋಗಿ ಬಂದ್ರೆ ಮೈಲಿಗೆ ಅಲ್ವಾ? ಅತ್ತೆ ಒಪ್ಪಲ್ಲ!

ಈ ಪ್ರಶ್ನೆ ಹೆಂಗಸರೇ ಜಾಸ್ತಿ ಕೇಳಿದ್ದು, ಅತ್ತೆಯ ಹೆಸರಲ್ಲಿ. ಅತ್ತೆಗೆ ಹೇಳಿ, ಯಹೂದಿಗಳೂ ನಮ್ಮಂಥವರೇ ಅಂತ. ಸ್ಮಶಾನದಿಂದ ಹೊರಬರುವಾಗ ಅವರು ಕೈ ತೊಳೆಯುತ್ತಾರೆ. ಅವರ ಪುರೋಹಿತ ವಂಶದವರಿಗೆ 'ಕೋಹೆನ್' ಎಂದು ಹೆಸರು. ಹೆಣದ ಮೈಲಿಗೆ ತಾಗಬಾರದೆಂದು ಅವರು ಹತ್ತಿರದ ಬಂಧುಗಳ ಸಾವಿನಲ್ಲಿ ಬಿಟ್ಟರೆ ಸ್ಮಶಾನದೊಳಗೆ ಕಾಲೇ ಇಡುವುದಿಲ್ಲ. ಸತ್ತವರ ಮನೆಯವರು ಏಳು ದಿನ ಮನೆಯಲ್ಲೇ ಕೂತು ಶೋಕ ಆಚರಿಸುತ್ತಾರೆ, ಹನ್ನೊಂದನೆಯ ತಿಂಗಳವರೆಗೆ ಪ್ರಾರ್ಥನೆ, ಪ್ರತಿ ವರ್ಷ ತಿಥಿ. ಸುಡುವುದಿಲ್ಲ, ಹೂಳುತ್ತಾರೆ. ಅದೂ ಆದಷ್ಟು ಬೇಗ. ಇಷ್ಟು ಹೇಳಿದ ಮೇಲೆ ನಮ್ಮ ಅತ್ತೆಯೇ "ಹಾಗಾದ್ರೆ ಬಂದು ಸ್ನಾನ ಮಾಡಿದ್ರಾಯ್ತು ಬಿಡು" ಅಂದರು.

ಫೋಟೋ, ರೀಲ್ಸ್ ಮಾಡ್ಬಹುದಾ?

ಸಿನಗಾಗ್‌ನೊಳಗೆ ಫೋಟೋ ಇಲ್ಲ. ಸ್ಮಶಾನದಲ್ಲಿ ಕೇಳಿ ತೆಗೆಯಿರಿ. ರೀಲ್ಸ್ ಬಿಟ್ಟುಬಿಡಿ.

## ಸುತ್ತಮುತ್ತ

ಸಿನಗಾಗ್‌ನಲ್ಲಿ ಏನನ್ನ ಗಮನಿಸಬೇಕು? ನಾವು ಹೋದಾಗ ಐದು ನಿಮಿಷದಲ್ಲಿ ಮುಗೀತು.

ಐದು ನಿಮಿಷದಲ್ಲಿ ಮುಗಿಯುವಷ್ಟೇ ಚಿಕ್ಕದು, ಅದಕ್ಕೇ ನಿಧಾನ ಮಾಡಬೇಕು. 1568ರಲ್ಲಿ ಕಟ್ಟಿದ್ದು. 1662ರಲ್ಲಿ ಪೋರ್ಚುಗೀಸರು ಹಾಳುಗೆಡವಿದರು, ಡಚ್ಚರು ಬಂದ ಮೇಲೆ ಮತ್ತೆ ಎದ್ದಿತು. ಮೊದಲು ಕೆಳಗೆ ನೋಡಿ. ನೆಲದ ನೀಲಿ-ಬಿಳಿ ಹಂಚುಗಳು 18ನೇ ಶತಮಾನದಲ್ಲಿ ಚೀನಾದಿಂದ ಬಂದವು. ಕೈಯಲ್ಲಿ ಚಿತ್ರ ಬಿಡಿಸಿದ್ದರಿಂದ ಒಂದರ ಹಾಗೆ ಇನ್ನೊಂದಿಲ್ಲ ಎನ್ನುತ್ತಾರೆ. ನಾನು ಎರಡು ಒಂದೇ ಥರದ್ದು ಹುಡುಕಲು ಹೋಗಿ ಸೋತೆ. ಮೇಲೆ ನೋಡಿದರೆ ಗಾಜಿನ ದೀಪಗುಚ್ಛಗಳು. ನಡುವೆ ಹಿತ್ತಾಳೆ ಕಟಕಟೆಯ ವೇದಿಕೆ.

ಹೊರಗಿನ ಗಡಿಯಾರ ಗೋಪುರ 1760ರದ್ದು, ವ್ಯಾಪಾರಿ ಎಜೆಕಿಯೆಲ್ ರಹಬಿ ಕಟ್ಟಿಸಿದ್ದು. ಅದರ ಮುಖಗಳಲ್ಲಿ ಬೇರೆ ಬೇರೆ ಲಿಪಿಯ ಅಂಕಿಗಳಿವೆ, ಹೀಬ್ರೂ ಕೂಡ. ಇನ್ನೊಂದು ಗಮನಿಸಿ: ಸಿನಗಾಗ್ ಮತ್ತು ಅರಮನೆಯ ಗುಡಿಯ ನಡುವೆ ಇರುವುದು ಒಂದೇ ಗೋಡೆ. ಒಂದು ಕಡೆ ಹೀಬ್ರೂ ಪ್ರಾರ್ಥನೆ, ಇನ್ನೊಂದು ಕಡೆ ಗಂಟೆ.

ಒಂದೇ ಒಂದು ದಿನ ಇದೆ. ಯಾವ ಕ್ರಮದಲ್ಲಿ ನೋಡ್ಲಿ?

ಬೆಳಿಗ್ಗೆ ಹತ್ತಕ್ಕೆ ಸಿನಗಾಗ್, ಗುಂಪು ಬರುವ ಮೊದಲು. ಅಲ್ಲಿಂದ ಸ್ಮಶಾನ. ಆಮೇಲೆ ಮಟ್ಟಾಂಚೇರಿ ಅರಮನೆ. ಪೋರ್ಚುಗೀಸರು ಸುಮಾರು 1555ರಲ್ಲಿ ಕಟ್ಟಿ ಕೊಚ್ಚಿ ರಾಜನಿಗೆ ಕೊಟ್ಟದ್ದು, ಡಚ್ಚರು ರಿಪೇರಿ ಮಾಡಿಸಿದ್ದರಿಂದ ಡಚ್ ಪ್ಯಾಲೇಸ್ ಎಂಬ ಹೆಸರು ಬಿತ್ತು. ಹೊರಗಿನಿಂದ ಸಾದಾ ಕಟ್ಟಡ, ಆದರೆ ಮಲಗುವ ಕೋಣೆಯ ಗೋಡೆಯ ತುಂಬ ರಾಮಾಯಣ. ಅರ್ಧ ಗಂಟೆ ಅಲ್ಲಿಗೇ ಬೇಕು.

ಊಟ ಮುಗಿಸಿ ಫೋರ್ಟ್ ಕೊಚ್ಚಿ. ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೋ ಡ ಗಾಮನನ್ನು 1524ರಲ್ಲಿ ಹೂಳಿದ್ದ ಜಾಗ ಇದೆ. ಹದಿನಾಲ್ಕು-ಹದಿನೈದು ವರ್ಷದ ಮೇಲೆ ಮೂಳೆಗಳನ್ನು ಪೋರ್ಚುಗಲ್‌ಗೆ ಒಯ್ದರು, ಉಳಿದದ್ದು ಕಲ್ಲು ಮಾತ್ರ. ಕಡಲ ಹತ್ತಿರ ಡಚ್ಚರ ಸ್ಮಶಾನ ಇದೆ, 1724ರದ್ದು, 104 ಗೋರಿಗಳು. ಅದಕ್ಕೂ ಬೀಗ! ಸಂಜೆ ಚೀನಾ ಬಲೆಗಳ ಹತ್ತಿರ ಕೂತುಬಿಡಿ. ಡಿಸೆಂಬರ್‌ನಲ್ಲಿ ಬಿಯೆನಾಲೆ ಎಂಬ ದೊಡ್ಡ ಕಲಾ ಪ್ರದರ್ಶನ ಇರುವ ವರ್ಷವಾದರೆ ಒಂದು ದಿನ ಸಾಲುವುದಿಲ್ಲ.

ಯಹೂದಿ ಸಂತನ ಗೋರಿಗೆ ಹಿಂದೂಗಳೂ ದೀಪ ಹಚ್ತಾರಂತೆ?

ಹೌದು, ನೆಹೆಮಿಯಾ ಮೋತನ ಗೋರಿ. ಕಬ್ಬಾಲ ಎಂಬ ಯಹೂದಿ ಗೂಢವಿದ್ಯೆ ಬಲ್ಲವನು, ಕವಿ, 1615ರಲ್ಲಿ ತೀರಿಕೊಂಡ. ಜ್ಯೂ ಟೌನ್ ದಾಟಿ ಮನೆಗಳ ನಡುವಿನ ಸಂದಿಯಲ್ಲಿದೆ. ಮೊದಲು ಅದು ಮಲಬಾರಿ ಯಹೂದಿಗಳ, ಅಂದರೆ ಸ್ಪೇನಿನವರು ಬರುವ ಮೊದಲೇ ಇಲ್ಲಿದ್ದವರ ಸ್ಮಶಾನ. ಈಗ ಸುತ್ತ ಮನೆಗಳೆದ್ದಿವೆ, ಉಳಿದದ್ದು ಇದೊಂದು ಗೋರಿ. ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ ಹರಕೆ ಹೇಳಿ ಮೇಣದ ಬತ್ತಿ ಹಚ್ಚುತ್ತಾರೆ. ನಮ್ಮ ದರ್ಗಾಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ದೊಡ್ಡ ಸ್ಮಶಾನಕ್ಕೆ ಬೀಗವಿದ್ದರೆ ಬೇಜಾರಾಗಬೇಡಿ, ಇಲ್ಲಿಗೆ ಬನ್ನಿ.

ಮಟ್ಟಾಂಚೇರಿಯಲ್ಲಿ ಕೊಂಕಣಿ ಕೇಳಿಸ್ತು! ನಮ್ಮೋರು ಅಲ್ಲಿದ್ದಾರಾ?

ಇದ್ದಾರೆ, ನಾಲ್ಕು ಶತಮಾನಕ್ಕೂ ಹೆಚ್ಚಾಯಿತು. ಪೋರ್ಚುಗೀಸರ ಕಾಟಕ್ಕೆ ಗೋವಾ ಬಿಟ್ಟ ಗೌಡ ಸಾರಸ್ವತರಲ್ಲಿ ಕೆಲವರು ನಮ್ಮ ಕರಾವಳಿಯಲ್ಲಿ ನಿಂತರು, ಕೆಲವರು ಕೊಚ್ಚಿಯವರೆಗೆ ಇಳಿದರು. ಚೆರ್ಲಾಯಿಯಲ್ಲಿ ಅವರ ತಿರುಮಲ ದೇವಸ್ಥಾನವಿದೆ. ಯಹೂದಿಗಳನ್ನು ಅಟ್ಟಿದ್ದೂ ಅದೇ ಕೈ, ಇಬ್ಬರಿಗೂ ಜಾಗ ಕೊಟ್ಟದ್ದೂ ಅದೇ ಕೊಚ್ಚಿ ರಾಜಮನೆತನ. ಸ್ಮಶಾನ ನೋಡಿದ ದಿನವೇ ಈ ಗುಡಿಗೂ ಹೋಗಿ ಎಂದು ಹೇಳುವುದು ಅದಕ್ಕೇ. ಮಂಗಳೂರಿನ ರಥಬೀದಿಯವರಿಗೆ ಮನೆಗೆ ಬಂದಂತೆ ಅನ್ನಿಸುತ್ತದೆ, ಕೊಂಕಣಿಯ ರಾಗ ಮಾತ್ರ ಬೇರೆ.

ನಾವು ಸಸ್ಯಾಹಾರಿಗಳು, ಊಟಕ್ಕೇನು ಗತಿ?

ಮಟ್ಟಾಂಚೇರಿಯಲ್ಲಿ ಗುಜರಾತಿ ರಸ್ತೆ ಇದೆ, ಜೈನ ದೇವಾಲಯವೂ ಅಲ್ಲೇ. ಊಟ, ಸಿಹಿ, ಫರ್ಸಾಣ್ ಎಂಬ ಕುರುಕಲು ತಿಂಡಿಗೆ ತೊಂದರೆ ಇಲ್ಲ. ಮಾಂಸ ತಿನ್ನುವವರು ಮಟ್ಟಾಂಚೇರಿ ಬಿರಿಯಾನಿ ತಿನ್ನದೆ ವಾಪಸ್ ಬರಬೇಡಿ, ಮಧ್ಯಾಹ್ನ ತಡವಾದರೆ ಖಾಲಿಯಾಗುತ್ತದೆ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಗೋರಿ ಮೇಲಿನ ಇಸವಿ ಓದೋದು ಹೇಗೆ? ಅಂಕಿಯೇ ಕಾಣಲ್ಲ.

ಅಕ್ಷರಗಳೇ ಅಂಕಿಗಳು. ನಮ್ಮ ಕಟಪಯಾದಿ ಲೆಕ್ಕ ಗೊತ್ತಿದ್ದವರಿಗೆ ಥಟ್ಟನೆ ಹೊಳೆಯುತ್ತದೆ. ಹೀಬ್ರೂವಿನ ಆಲೆಫ್ 1, ಯೋದ್ 10, ರೇಶ್ 200, ಶಿನ್ 300, ತಾವ್ 400. ಅವನ್ನು ಕೂಡಿಸಬೇಕು. ಯಹೂದಿ ಇಸವಿ ಐದು ಸಾವಿರ ದಾಟಿದೆ, ಸಾಮಾನ್ಯವಾಗಿ ಆ 5000 ಬರೆಯದೆ ಬಿಟ್ಟಿರುತ್ತಾರೆ. ನಾವು ಇಸವಿ ಹೇಳುವಾಗ '98ರಲ್ಲಿ' ಅನ್ನುವುದಿಲ್ಲವೇ, ಹಾಗೆ. ಬಂದ ಮೊತ್ತಕ್ಕೆ 1240 ಸೇರಿಸಿದರೆ ಕ್ರಿಸ್ತಶಕ ಸಿಗುತ್ತದೆ.

ಒಂದು ಕೊಕ್ಕೆ ಇದೆ. ಅವರ ಹೊಸ ವರ್ಷ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಶುರು. ಆಗಿನಿಂದ ಡಿಸೆಂಬರ್ ಕೊನೆಯವರೆಗಿನ ಸಾವಾದರೆ ಒಂದು ಕಳೆಯಬೇಕು. ನೆಹೆಮಿಯಾ ಮೋತ ತೀರಿಕೊಂಡದ್ದು 5376ರ ಕಿಸ್ಲೇವ್ ತಿಂಗಳ 25ರಂದು. 376 ಎಂದರೆ ಶಿನ್ 300, ಆಯಿನ್ 70, ವಾವ್ 6. ಅದಕ್ಕೆ 1240 ಸೇರಿದರೆ 1616. ಕಿಸ್ಲೇವ್ ಬರುವುದು ನವೆಂಬರ್-ಡಿಸೆಂಬರ್‌ನಲ್ಲಿ, ಆದ್ದರಿಂದ ಒಂದು ಕಳೆದು 1615. ಆ ದಿನ ಅವರ ದೀಪದ ಹಬ್ಬ ಹನುಕ್ಕಾದ ಮೊದಲ ದಿನ.

ಇನ್ನೆರಡು ಗುರುತು ಕಲಿತಿರಿ. ಮೊದಲಲ್ಲಿ ಪೇ-ನೂನ್ ಎಂಬ ಎರಡಕ್ಷರ ಇದ್ದರೆ 'ಇಲ್ಲಿ ಹೂಳಲಾಗಿದೆ' ಎಂದು. ಕೊನೆಯಲ್ಲಿ ಐದಕ್ಷರದ ಗೊಂಚಲಿದ್ದರೆ ಅದೊಂದು ಹಾರೈಕೆ: ಈ ಜೀವ ಬದುಕಿನ ಗಂಟಿನಲ್ಲಿ ಕಟ್ಟಿಕೊಂಡಿರಲಿ.

ಕರಿ ಯಹೂದಿ, ಬಿಳಿ ಯಹೂದಿ ಅಂತ ಗೈಡ್ ಹೇಳಿದ. ಅವರಲ್ಲೂ ಜಾತಿಯಾ?

ಇತ್ತು, ಗಟ್ಟಿಯಾಗೇ ಇತ್ತು. ಮೊದಲೇ ಇದ್ದ ಮಲಬಾರಿಗಳು, ಆಮೇಲೆ ಬಂದ ಪರದೇಸಿಗಳು, ಪರದೇಸಿಗಳ ಮನೆಯಲ್ಲಿ ಗುಲಾಮರಾಗಿದ್ದು ಬಿಡುಗಡೆಯಾದವರ ಸಂತತಿ, ಹೀಗೆ ಮೂರು ಗುಂಪು. ಮದುವೆ ಸಂಬಂಧ ಇರಲಿಲ್ಲ. ಬಿಡುಗಡೆಯಾದವರ ಮಕ್ಕಳು ಪರದೇಸಿ ಸಿನಗಾಗ್‌ನಲ್ಲಿ ಬೆಂಚಿನ ಮೇಲೆ ಕೂರುವಂತಿರಲಿಲ್ಲ. ಹೂಳುವ ಜಾಗದಲ್ಲೂ ಭೇದ ನಡೆಯಿತು. ಈ ಸ್ಮಶಾನದಲ್ಲಿ ಯಾರಿದ್ದಾರೆ ಎನ್ನುವಷ್ಟೇ ಯಾರಿಲ್ಲ ಎನ್ನುವುದನ್ನೂ ಕೇಳಬೇಕು.

ಇದರ ವಿರುದ್ಧ ಎದ್ದವರು ಎ. ಬಿ. ಸೇಲಂ, ಅದೇ ಕೆಳಗಿನ ಗುಂಪಿನಲ್ಲಿ 1882ರಲ್ಲಿ ಹುಟ್ಟಿದ ವಕೀಲರು. ಸಿನಗಾಗ್‌ನೊಳಗೇ ಸತ್ಯಾಗ್ರಹ ಮಾಡಿದರು. ಜನ ಅವರನ್ನು 'ಯಹೂದಿ ಗಾಂಧಿ' ಎಂದರು. ನಿಧಾನವಾಗಿ ನಿಯಮಗಳು ಸಡಿಲವಾದವು. ಆಮೇಲೆ ಅವರ ಮಗ ಪರದೇಸಿ ಮನೆತನದ ಹುಡುಗಿಯನ್ನು ಮದುವೆಯಾದಾಗ ಊರೆಲ್ಲ ಗುಲ್ಲು.

ಎಲ್ಲರೂ ಎಲ್ಲಿಗೆ ಹೋದ್ರು? ಓಡಿಸಿದ್ರಾ?

ಯಾರೂ ಓಡಿಸಲಿಲ್ಲ. 1948ರಲ್ಲಿ ಇಸ್ರೇಲ್ ಹುಟ್ಟಿತು. ಸುಮಾರು ಎರಡೂವರೆ ಸಾವಿರ ಇದ್ದವರಲ್ಲಿ ಹೆಚ್ಚಿನವರು 1950ರ ದಶಕದಲ್ಲಿ ಊರಿಗೆ ಊರೇ ಎದ್ದು ಹೋದ ಹಾಗೆ ಹೋದರು. ಪರದೇಸಿಗಳು ಆಮೇಲೆ ಒಬ್ಬೊಬ್ಬರಾಗಿ. ಯಹೂದಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಬೇಕು. ಅಷ್ಟು ಜನ ಮಟ್ಟಾಂಚೇರಿಯಲ್ಲಿ ಎಂದೋ ಇಲ್ಲವಾದರು.

ಜ್ಯೂ ಟೌನ್‌ನಲ್ಲಿ ಕಸೂತಿ ಅಂಗಡಿ ಇಟ್ಟಿದ್ದ ಸಾರಾ ಕೊಹೆನ್ 2019ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ, ಕೊನೆಗಾಲದಲ್ಲಿ ನೋಡಿಕೊಂಡದ್ದು ಒಂದು ಮುಸ್ಲಿಂ ಕುಟುಂಬ. 2024ರಲ್ಲಿ ಕ್ವೀನಿ ಹಲ್ಲೇಗುವಾ ಹೋದರು, ಪರದೇಸಿ ಹೆಂಗಸರಲ್ಲಿ ಅವರೇ ಕೊನೆಯವರು. ಇಬ್ಬರನ್ನೂ ಹೂಳಿದ್ದು ಇಲ್ಲೇ. ಹಳೇ ಪಾಚಿ ಹಿಡಿದ ಗೋರಿಗಳ ನಡುವೆ ಹೊಸದು ಕಂಡರೆ ಬೆಚ್ಚಬೇಡಿ.

ಕೊಚ್ಚಿ ಬಿಟ್ಟು ಹೊರಗೆ ಇಂಥವು ಇವೆಯಾ?

ಇನ್ನೊಂದು ದಿನ ಇದ್ದರೆ ಉತ್ತರಕ್ಕೆ ಹೋಗಿ. ಚೇಂದಮಂಗಲಂನ ಸಿನಗಾಗ್ ಎದುರು ಒಂದು ಗೋರಿಕಲ್ಲು ನಿಲ್ಲಿಸಿದ್ದಾರೆ: ಇಸ್ರೇಲ್ ಎಂಬವನ ಮಗಳು ಸಾರಾ, 1269. ಭಾರತದಲ್ಲಿ ಸಿಕ್ಕಿದ ಹೀಬ್ರೂ ಕಲ್ಬರಹಗಳಲ್ಲಿ ತೀರಾ ಹಳೆಯದು ಎಂದು ಅದಕ್ಕೆ ಹೆಸರು. ಆ ಊರಲ್ಲಿ ಗುಡಿ, ಮಸೀದಿ, ಚರ್ಚು, ಸಿನಗಾಗ್ ಎಲ್ಲವೂ ಕೂಗಳತೆಯಲ್ಲಿವೆ. ಕೈಮಗ್ಗದ ಪಂಚೆ, ಸೀರೆಗೂ ಹೆಸರುವಾಸಿ. ಹತ್ತಿರದ ಪರವೂರಿನ ಸಿನಗಾಗ್ ಕೂಡ ರಿಪೇರಿಯಾಗಿ ನೋಡಲು ತೆರೆದಿದೆ.

ಮಾಳ ಎಂಬ ಊರಿನದು ಬೇರೆಯೇ ಕಥೆ. 1955ರಲ್ಲಿ ಹೊರಡುವ ಮುಂಚೆ ಅಲ್ಲಿನ ಯಹೂದಿಗಳು ಸಿನಗಾಗ್ ಮತ್ತು ಸ್ಮಶಾನವನ್ನು ಪಂಚಾಯಿತಿಗೆ ವಹಿಸಿ, ಕಾಪಾಡಿ ಎಂದು ಕೇಳಿಕೊಂಡು ಹೋದರು. ಜಾಗ ದೊಡ್ಡದು, ಉಳಿದ ಗೋರಿಗಳು ಬೆರಳೆಣಿಕೆಯಷ್ಟು.

ನಮ್ಮ ಕರಾವಳಿಗೂ ಯಹೂದಿಗಳು ಬಂದಿದ್ರಾ?

ಬಂದಿದ್ದರು. ಟುನೀಸಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ 1132ರ ಹೊತ್ತಿನಿಂದ 1149ರವರೆಗೆ ಮಂಗಳೂರಿನ ಕಡೆ ಇದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಆಶು ಎಂಬ ಇಲ್ಲಿಯ ಗುಲಾಮ ಹೆಣ್ಣನ್ನು ಬಿಡುಗಡೆ ಮಾಡಿದ ಪತ್ರ ಸಿಕ್ಕಿದೆ. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ಹೇಳುತ್ತಾರೆ. ಬೊಮ್ಮ ಎಂಬ ಆಳು ಅವನ ಪರವಾಗಿ ಏಡನ್‌ಗೆ ಹೋಗಿ ಬರುತ್ತಿದ್ದ.

ಇದೆಲ್ಲ ಗೊತ್ತಾದದ್ದೂ ಒಂದು ಪದ್ಧತಿಯಿಂದಲೇ. ದೇವರ ಹೆಸರಿರುವ ಕಾಗದವನ್ನು ಯಹೂದಿಗಳು ಎಸೆಯುವುದಿಲ್ಲ. ಒಂದು ಕೋಣೆಯಲ್ಲಿ ಕೂಡಿಟ್ಟು, ಆಮೇಲೆ ಮನುಷ್ಯರನ್ನು ಹೂಳುವ ಹಾಗೆ ಸ್ಮಶಾನದಲ್ಲಿ ಹೂಳುತ್ತಾರೆ. ಕೈರೋದ ಒಂದು ಸಿನಗಾಗ್‌ನಲ್ಲಿ ಮಾತ್ರ ಶತಮಾನಗಟ್ಟಲೆ ಹೂಳದೆ ಬಿಟ್ಟಿದ್ದರು. ಆ ರಾಶಿಯಲ್ಲಿ ಆಶು, ಬೊಮ್ಮ ಇಬ್ಬರೂ ಸಿಕ್ಕಿದರು.

ಕೊಚ್ಚಿಗೆ ಹೋಗೋಕಾಗಲ್ಲ. ಬೆಂಗಳೂರಲ್ಲೇ ಏನಾದ್ರೂ ಇದೆಯಾ?

ಮೈಸೂರು ರಸ್ತೆಯಲ್ಲಿ ಒಂದು ಚಿಕ್ಕ ಯಹೂದಿ ಸ್ಮಶಾನ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1904ರಲ್ಲಿ ಆದದ್ದು. ದಿನಾ ಆ ದಾರಿಯಲ್ಲಿ ಬಸ್ಸಲ್ಲಿ ಓಡಾಡುವವರಿಗೂ ಗೊತ್ತಿಲ್ಲ. ಮೊದಲೇ ಅನುಮತಿ ಕೇಳಿಕೊಂಡು ಹೋಗಿ, ಟೋಪಿ ಜೊತೆಗಿರಲಿ. ಶನಿವಾರ ಬೇಡ.